ಬೀಗರ ಹೆರಾಲ್ಡು

ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರನ್ನು ಈಗಿನ ಮಕ್ಕಳು ನೋಡಿರಲಿಕ್ಕಿಲ್ಲ. 1961ರಿಂದ ಮದ್ರಾಸಿನಲ್ಲಿ ತಯಾರಾಗುತ್ತಿತ್ತು. ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್ ಇದರ ಮೂಲ. ಅದೇ ಚಾಸಿಯನ್ನು ಗಿಡ್ಡ ಮಾಡಿ 1962ರಲ್ಲಿ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ತಂದರು. ಅಷ್ಟರ ಮೇಲೆ ಬ್ಯಾಡಗಿಯ ನಮ್ಮ ಬೀಗರು ತಮ್ಮ ಹೆರಾಲ್ಡನ್ನೂ ಸ್ಪೋರ್ಟ್ಸ್ ಕಾರೆಂದೇ ಹೇಳುತ್ತಾರೆ. ನಾವು ಅವರ ಎದುರಿಗೆ ನಗುವುದಿಲ್ಲ.

ಹೋದ ವರ್ಷ ಅದರ ಮುಂದಿನ ಎಡಗಡೆ 'ಟಕ್ ಟಕ್' ಸಪ್ಪಳ ಶುರುವಾಯಿತು. ಹೆದ್ದಾರಿಯಲ್ಲಿ ಸುಮ್ಮನಿರುತ್ತದೆ, ಮೋಟೆಬೆನ್ನೂರಿನಲ್ಲಿ ಬ್ಯಾಡಗಿ ಕಡೆ ಹೊರಳಿದರೆ ಮತ್ತೆ ಟಕ್ ಟಕ್. ಹಾವೇರಿಯ ಒಬ್ಬ ಮೆಕ್ಯಾನಿಕ್ ಶಾಕ್ ಅಬ್ಸಾರ್ಬರ್ ಬದಲಿಸಿದ. ದುಡ್ಡು ಹೋಯಿತು, ಸಪ್ಪಳ ಉಳಿಯಿತು.

ನನಗೆ ಚಿಂತೆ ಬೇರೆ. ಐದನೆಯ ಇಯತ್ತೆಯ ಮೊಮ್ಮಗಳು ದಿನಾ ಶಾಲೆಗೆ ಹೋಗುವುದು ಆ ಗಾಡಿಯಲ್ಲೇ. ಹೆರಾಲ್ಡಿನ ಮುಂದಿನ ಗಾಲಿ ತಿರುಗುವ ಕೆಳಗಿನ ಕೀಲಿಗೆ ಟ್ರನಿಯನ್ ಎನ್ನುತ್ತಾರೆ. ಅದಕ್ಕೆ ಗಟ್ಟಿ ಗೇರ್ ಎಣ್ಣೆ ಹಾಕುತ್ತಿರಬೇಕು. ಒಣಗಿ ಸವೆದು ತುಂಡಾದರೆ ಓಡುವಾಗಲೇ ಗಾಲಿ ಮಡಚಿಕೊಳ್ಳುತ್ತದೆ. ಮೊದಲು ಅದನ್ನೇ ನೋಡಿಸಿದೆ. ಜಾಕ್ ಕೊಟ್ಟು ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದರೆ ಏನೂ ಆಟವಿರಲಿಲ್ಲ. ನಾನು ಉಸಿರು ಬಿಟ್ಟೆ.

ಬ್ಯಾಂಕಿನಲ್ಲಿ ಲೆಕ್ಕ ತಾಳೆಯಾಗದಿದ್ದರೆ ಫರಕನ್ನು ಒಂಬತ್ತರಿಂದ ಭಾಗಿಸುತ್ತಿದ್ದೆವು. ಶೇಷ ಉಳಿಯದಿದ್ದರೆ 54ನ್ನು 45 ಎಂದು ಬರೆದಂತೆ ಅಂಕಿ ಅದಲುಬದಲಾಗಿರಬಹುದೆಂದು ಮೊದಲು ಅದನ್ನೇ ಹುಡುಕುತ್ತಿದ್ದೆವು. ಸಪ್ಪಳಕ್ಕೂ ಇಂಥ ಗುರುತು ಇರಲೇಬೇಕು! ಮೊಮ್ಮಗಳನ್ನು ಹಿಂದಿನ ಸೀಟಿನಲ್ಲಿ ಕೂಡಿಸಿ, ಎಲ್ಲೆಲ್ಲಿ ಸಪ್ಪಳ ಬರುತ್ತದೆಂದು ಬರೆದುಕೋ ಎಂದೆ. ನಾಲ್ಕು ದಿನಕ್ಕೆ ನೋಟ್‌ಬುಕ್ ತಂದಳು.

"ಅಜ್ಜಾ, ಹಂಪ್ಸ್ ಮ್ಯಾಲೆ ಎರಡೂ ಗಾಲಿ ಕೂಡೇ ಏರಿದ್ರ ಸಪ್ಪಳಿಲ್ಲ. ಒಂದ ಗಾಲಿ ತೆಗ್ಗಿಗೆ ಬಿದ್ರ ಅಷ್ಟ ಬರತೈತಿ."

ಎಡಬಲದ ಗಾಲಿಗಳ ನಡುವೆ ಒಂದು ಕಬ್ಬಿಣದ ಸರಳಿರುತ್ತದೆ. ತಿರುವಿನಲ್ಲಿ ಗಾಡಿ ಹೆಚ್ಚು ವಾಲದಂತೆ ತಡೆಯುವುದು ಅದರ ಕೆಲಸ. ಎರಡೂ ಗಾಲಿ ಒಟ್ಟಿಗೆ ಏರಿದರೆ ಅದು ತಿರುಚಿಕೊಳ್ಳುವುದಿಲ್ಲ, ಒಂದೇ ಗಾಲಿ ಏರಿಳಿದರೆ ತಿರುಚಿಕೊಳ್ಳುತ್ತದೆ. ಅದರ ತುದಿಯ ಕೊಂಡಿಯನ್ನು ಬಿಚ್ಚಿ ಅದೇ ತೆಗ್ಗಿನಲ್ಲಿ ಮೆಲ್ಲಗೆ ಓಡಿಸಿದೆವು. ಸಪ್ಪಳವಿಲ್ಲ! ಕೊಂಡಿಯ ರಬ್ಬರ್ ಬುಷ್ ಸವೆದು ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತಿತ್ತು.

ಆ ಬುಷ್ ಈಗ ಎಲ್ಲಿ ಸಿಗಬೇಕು? ರಾಣೆಬೆನ್ನೂರಿನ ಲೇಥ್ ಅಂಗಡಿಯವನು ಬೇರೆ ಗಾಡಿಯ ಬುಷ್ ತಂದು, ಅಳತೆಗೆ ಉಜ್ಜಿ ಕೂಡಿಸಿದ. ಚಹಾ ತರಿಸಿದ್ದೂ ಅವನೇ.

ಈಗ ಹಿಂದಿನಿಂದ ಏನೋ 'ಕೀಂಯ್' ಅನ್ನುತ್ತದಂತೆ. ಮೊಮ್ಮಗಳು ಹೊಸ ನೋಟ್‌ಬುಕ್ ತೆಗೆದಿದ್ದಾಳೆ.