ರಿಜೈನಾದ ಗಾಳಿ, ಕಿಕ್ಕರನ ಕಾಲು

ಕೆನಡಾದ ಸಸ್ಕ್ಯಾಚೆವಾನ್ ಪ್ರಾಂತ್ಯದ ರಾಜಧಾನಿ ರಿಜೈನಾ ರಸ್ತೆಯಲ್ಲಿ ಬರುವವರಿಗೆ ಬಹಳ ದೂರದಿಂದಲೇ ಕಾಣುತ್ತದೆ. ಮರೆಮಾಡಲು ಗುಡ್ಡವಿಲ್ಲ, ದಿಣ್ಣೆಯೂ ಇಲ್ಲ. ಹಿಮಯುಗದ ಕೊನೆಯಲ್ಲಿ ಕರಗಿದ ನೀರು ಇಲ್ಲಿ ದೊಡ್ಡ ಸರೋವರವಾಗಿ ನಿಂತಿತ್ತು. ಅದು ಬರಿದಾದ ಮೇಲೆ ಉಳಿದ ತಳವೇ ಈ ಜೇಡಿಮಣ್ಣಿನ ಬಯಲು. ಗೋಧಿ, ಸಾಸಿವೆಯ ಜಾತಿಯ ಕನೋಲ, ಬೇಳೆಕಾಳು ಇಲ್ಲಿನ ಬೆಳೆಗಳು. ನಮ್ಮ ದೇಶಕ್ಕೆ ಬರುವ ಕೆನಡಾದ ಮಸೂರಬೇಳೆಯ ಬಹುಪಾಲು ಈ ಪ್ರಾಂತ್ಯದ್ದೇ.

ಊರಿನ ಮೊದಲ ಹೆಸರಿನ ಅರ್ಥ 'ಎಲುಬಿನ ರಾಶಿ'. ಕ್ರೀ ಜನಾಂಗದವರು ಕಾಡೆಮ್ಮೆಗಳ ಎಲುಬುಗಳನ್ನು ಇಲ್ಲಿನ ಹೊಳೆಯ ದಂಡೆಯಲ್ಲಿ ಪೇರಿಸಿಡುತ್ತಿದ್ದರು. 1882ರಲ್ಲಿ ರೈಲುಹಾದಿ ಬಂದಾಗ ವಿಕ್ಟೋರಿಯಾ ರಾಣಿಯ ಮಗಳು ಲೂಯಿಸ್ ಈ ಹೆಸರನ್ನು ಬದಲಿಸಿ, ತಾಯಿಯ ಗೌರವಕ್ಕಾಗಿ ಲ್ಯಾಟಿನ್ ಭಾಷೆಯಲ್ಲಿ 'ರಾಣಿ' ಎಂಬ ಅರ್ಥದ ರಿಜೈನಾ ಎಂದು ಕರೆದಳು. ಈಗ ಊರಿನಲ್ಲಿ ಕಾಣುವ ಮರಗಳೆಲ್ಲ ಜನ ಕೈಯಾರೆ ನೆಟ್ಟವು. ನಡುವಿನ ವಸ್ಕಾನಾ ಕೆರೆಯೂ ಕಟ್ಟೆ ಹಾಕಿ ಮಾಡಿದ್ದು. 1930ರ ದಶಕದ ಬರಗಾಲದಲ್ಲಿ ನಿರುದ್ಯೋಗಿಗಳು ಗುದ್ದಲಿ ಹಿಡಿದು ಅದನ್ನು ಅಗಲಿಸಿದರು. ಮನುಷ್ಯ ಮಾಡದೇ ಇಲ್ಲಿ ತಾನಾಗಿ ಬಂದದ್ದು ಒಂದೇ, ಅದು ಗಾಳಿ. 1912ರ ಜೂನ್ 30ರಂದು ಬೀಸಿದ ಸುಂಟರಗಾಳಿ 28 ಜನರನ್ನು ಕೊಂದು ಊರಿನ ನಡುಭಾಗವನ್ನೇ ಗುಡಿಸಿಹಾಕಿತು.

ಇಂಥ ಊರಿನಲ್ಲಿ ಗಾಳಿಯ ಲೆಕ್ಕ ಹಾಕಿಯೇ ಅನ್ನ ದುಡಿಯುವವನೊಬ್ಬನಿದ್ದಾನೆ. ಅವನು ರೈತನಲ್ಲ, ವಿಮಾನ ಹಾರಿಸುವವನೂ ಅಲ್ಲ, ಫುಟ್‌ಬಾಲ್ ತಂಡದ ಕಿಕ್ಕರ್.

ಇದು ನಮ್ಮ ಕಾಲ್ಚೆಂಡಾಟವಲ್ಲ ಎಂಬುದನ್ನು ಮೊದಲೇ ಹೇಳಬೇಕು. ಚೆಂಡು ಮೊಟ್ಟೆಯಾಕಾರದ್ದು, ಎರಡು ತುದಿಯೂ ಚೂಪು. ತಂಡಕ್ಕೆ ಹನ್ನೆರಡು ಜನ. ಕೈಯಲ್ಲಿ ಹಿಡಿದು ಓಡುವುದು, ಎಸೆಯುವುದು, ಎದುರಾಳಿಯನ್ನು ಕೆಡವುವುದು, ಆಟವೆಲ್ಲ ಇದೇ. ಕಾಲಿಗೆ ಕೆಲಸ ಬೀಳುವುದು ಅಪರೂಪ. ಹತ್ತು ಗಜ ಮುಂದೆ ಹೋಗಲು ಮೂರು ಅವಕಾಶ ಮಾತ್ರ; ಅಮೆರಿಕದಲ್ಲಾದರೆ ನಾಲ್ಕು. ಎರಡು ಪ್ರಯತ್ನ ಕೈಕೊಟ್ಟರೆ ಮೂರನೆಯದಕ್ಕೆ ಕಿಕ್ಕರನನ್ನು ಕರೆಯುತ್ತಾರೆ. ನೆಲದ ಮೇಲೆ ನಿಲ್ಲಿಸಿ ಹಿಡಿದ ಚೆಂಡನ್ನು ಅವನು ಎರಡು ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲೆ ಹಾಯುವಂತೆ ಒದ್ದರೆ ಮೂರು ಅಂಕ. ಇದಕ್ಕೆ ಫೀಲ್ಡ್ ಗೋಲ್ ಎನ್ನುತ್ತಾರೆ.

ಕೆಲಸ ಇಷ್ಟೇ. ಆದರೆ ಅದರ ರೀತಿ ವಿಚಿತ್ರ. ಮೂರು ಗಂಟೆ ನಡೆಯುವ ಆಟದಲ್ಲಿ ಕಿಕ್ಕರ್ ಬಹುಪಾಲು ಅಂಚಿನಲ್ಲಿ ನಿಂತು ಬಲೆಗೆ ಚೆಂಡು ಒದೆಯುತ್ತ ಕಾಲನ್ನು ಬೆಚ್ಚಗಿಟ್ಟುಕೊಂಡಿರುತ್ತಾನೆ. ಕರೆ ಬಂದಾಗ ಒಳಗೆ ಓಡುತ್ತಾನೆ. ಏಳು ಗಜ ಮುಂದಿನಿಂದ ಒಬ್ಬ ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಕ್ಕೆ ಎಸೆಯುತ್ತಾನೆ, ಮಂಡಿಯೂರಿದ ಇನ್ನೊಬ್ಬ ಅದನ್ನು ಹಿಡಿದು ನೆಲಕ್ಕೆ ನಿಲ್ಲಿಸುತ್ತಾನೆ, ಮೂರನೆಯವನು ಒದೆಯುತ್ತಾನೆ. ಈ ಮೂರೂ ಮುಗಿಯಲು ಹಿಡಿಯುವ ಕಾಲ ಒಂದೂಕಾಲು ಸೆಕೆಂಡಿನಿಂದ ಒಂದೂವರೆ ಸೆಕೆಂಡು. ಅಷ್ಟರಲ್ಲಿ ಎದುರಾಳಿಗಳು ಮೈಮೇಲೆ ಬಂದಿರುತ್ತಾರೆ. ತಪ್ಪಿದರೆ ದೋಷ ಯಾರದೇ ಇರಲಿ, ಮರುದಿನ ಪತ್ರಿಕೆಯಲ್ಲಿ ಬರುವ ಹೆಸರು ಕಿಕ್ಕರನದು.

ಕಂಬಗಳ ನಡುವಿನ ಅಂತರ ಹದಿನೆಂಟೂವರೆ ಅಡಿ, ಅಡ್ಡಪಟ್ಟಿ ನೆಲದಿಂದ ಹತ್ತಡಿ ಎತ್ತರ. ನೇರ ಎದುರಿಗೆ 18 ಗಜ ದೂರದಲ್ಲಿ ನಿಂತವನಿಗೆ ಈ ಬಾಗಿಲು ಸುಮಾರು 19 ಡಿಗ್ರಿ ಅಗಲವಾಗಿ ಕಾಣುತ್ತದೆ. ಕೈಯನ್ನು ಪೂರ್ತಿ ಮುಂದೆ ಚಾಚಿ ಮುಷ್ಟಿ ಕಟ್ಟಿದರೆ ಆ ಮುಷ್ಟಿಯ ಅಗಲ ಹತ್ತಿರಹತ್ತಿರ 10 ಡಿಗ್ರಿ. ಅಂದರೆ ಎರಡು ಮುಷ್ಟಿಯಷ್ಟು ಬಾಗಿಲು. 35 ಗಜಕ್ಕೆ ಹೋದರೆ ಒಂದೇ ಮುಷ್ಟಿ. 62 ಗಜಕ್ಕೆ 6 ಡಿಗ್ರಿಗೂ ಕಡಿಮೆ. ಇದರ ಮೇಲೆ ಗಾಳಿ. ಅಡ್ಡಗಾಳಿಗೆ ಚೆಂಡು ಹಾದಿ ತಪ್ಪುತ್ತದೆ, ಎದುರುಗಾಳಿಗೆ ನಡುದಾರಿಯಲ್ಲೇ ಸೋಲುತ್ತದೆ. ಕಂಬಗಳ ತುದಿಗೆ ಕಟ್ಟಿದ ಸಣ್ಣ ಪಟ್ಟಿ ಯಾವ ಕಡೆಗೆ ಹಾರುತ್ತಿದೆ ಎಂದು ನೋಡಿಕೊಂಡು ಕಿಕ್ಕರ್ ಕಂಬದಾಚೆಗೆ ಗುರಿಯಿಟ್ಟು ಗಾಳಿಯೇ ಚೆಂಡನ್ನು ಒಳಕ್ಕೆ ತರುವಂತೆ ಒದೆಯಬೇಕಾಗುತ್ತದೆ. ನವೆಂಬರಿನಲ್ಲಿ ಚಳಿಯೂ ಸೇರುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಿಂದ ಮೈನಸ್ 10ಕ್ಕೆ ಇಳಿದರೆ ಗಾಳಿಯ ಸಾಂದ್ರತೆ ಶೇಕಡಾ 11ರಷ್ಟು ಹೆಚ್ಚುತ್ತದೆ. ಚೆಂಡಿನೊಳಗಿನ ಒತ್ತಡ ಇಳಿಯುತ್ತದೆ, ಪುಟಿತ ಕುಗ್ಗುತ್ತದೆ. ಬೇಸಗೆಯಲ್ಲಿ ದಾಟಿದ ಒದೆ ನವೆಂಬರಿನಲ್ಲಿ ಮೋಸ ಮಾಡಬಹುದು.

ರಿಜೈನಾದ ಹಳೆಯ ಕ್ರೀಡಾಂಗಣದ ಹೆಸರು ಟೇಲರ್ ಫೀಲ್ಡ್. ಮೊದಲ ಮಹಾಯುದ್ಧದಲ್ಲಿ ಒಂದು ಕಣ್ಣು ಕಳೆದುಕೊಂಡ ವಿಮಾನಚಾಲಕ 'ಪಿಫಲ್ಸ್' ಟೇಲರ್ ಅವರ ಹೆಸರನ್ನು ಅದಕ್ಕೆ ಇಟ್ಟಿದ್ದರು. ಅವರು ಗಾಜಿನ ಕಣ್ಣಿಟ್ಟುಕೊಂಡೇ ಆಡುತ್ತಿದ್ದರಂತೆ, ಒಮ್ಮೆ ಅದು ಬಿದ್ದುಹೋಗಿ ಆಟ ನಿಲ್ಲಿಸಿ ಎಲ್ಲರೂ ಹುಡುಕಿದರಂತೆ. ಊರಿನವರು ಈಗಲೂ ಹೇಳುವ ಕಥೆ ಇದು. ಆ ಕ್ರೀಡಾಂಗಣದಲ್ಲಿ ಲೀಗ್‌ನ ಕೊನೆಯ ಪಂದ್ಯ ನಡೆದದ್ದು 2016ರಲ್ಲಿ. ಮರುವರ್ಷ ಹೊಸ ಮೊಸಾಯಿಕ್ ಕ್ರೀಡಾಂಗಣ ತೆರೆಯಿತು, ಹಳೆಯದನ್ನು ಕೆಡವಿದರು.

ತಂಡದ ಹೆಸರು ರಫ್‌ರೈಡರ್ಸ್. 1910ರಲ್ಲಿ ಹುಟ್ಟಿದ ಇದಕ್ಕೆ ಸಾಹುಕಾರ ಮಾಲೀಕನಿಲ್ಲ. ಇದು ಜನರದೇ ತಂಡ. 1977ರಿಂದ 1987ರವರೆಗೆ ಹನ್ನೊಂದು ವರ್ಷ ಒಮ್ಮೆಯೂ ಮುಂದಿನ ಸುತ್ತಿಗೆ ಹೋಗದಿದ್ದರೂ ಜನ ಬಿಡಲಿಲ್ಲ. 1987ರಲ್ಲಿ ಹಣವಿಲ್ಲದೆ ಮುಚ್ಚುವ ಹಂತಕ್ಕೆ ಬಂದಾಗ ಟೀವಿಯಲ್ಲಿ ಗಂಟೆಗಟ್ಟಲೆ ಕಾರ್ಯಕ್ರಮ ಮಾಡಿ ಚಂದಾ ಎತ್ತಿದರು. ಪಂದ್ಯದ ದಿನ ಹಸಿರು ಅಂಗಿ ತೊಟ್ಟು, ಕಲ್ಲಂಗಡಿ ಹಣ್ಣಿನ ತಿರುಳು ತೆಗೆದು ಸಿಪ್ಪೆಯನ್ನೇ ಶಿರಸ್ತ್ರಾಣ ಮಾಡಿಕೊಂಡು ಬರುವವರು ಇವರು. ಹುಚ್ಚು ಎನ್ನಬಹುದು. ತಮ್ಮ ಕಾಸು ಹಾಕಿ ಉಳಿಸಿಕೊಂಡದ್ದರ ಮೇಲೆ ಇರುವ ಹಕ್ಕು ಎಂದರೆ ಇನ್ನೂ ಸರಿ.

ಆ ಕೆಟ್ಟ ವರ್ಷಗಳಲ್ಲೇ, 1982ರಲ್ಲಿ, ಡೇವ್ ರಿಜ್ವೇ ಇಲ್ಲಿಗೆ ಬಂದರು. ಹುಟ್ಟಿದ್ದು ಇಂಗ್ಲೆಂಡಿನ ಸ್ಟಾಕ್‌ಪೋರ್ಟ್‌ನಲ್ಲಿ, ಬೆಳೆದದ್ದು ಕೆನಡಾದಲ್ಲಿ. ಒಂದೇ ಪಂದ್ಯದಲ್ಲಿ ಎಂಟು ಫೀಲ್ಡ್ ಗೋಲ್ ಹೊಡೆಯುವ ಸಾಧನೆಯನ್ನು ಎರಡು ಸಲ ಮಾಡಿದರು. 1987ರಲ್ಲಿ 60 ಗಜದಿಂದ ಹೊಡೆದದ್ದು ಆಗಿನ ದಾಖಲೆ. ಯಂತ್ರದಂತೆ ತಪ್ಪದೆ ಒದೆಯುತ್ತಿದ್ದುದರಿಂದ 'ರೋಬೋಕಿಕ್ಕರ್' ಎಂಬ ಅಡ್ಡಹೆಸರು ಬಂತು.

1989ರಲ್ಲಿ ಒಂಬತ್ತು ಗೆಲುವು, ಒಂಬತ್ತು ಸೋಲಿನೊಂದಿಗೆ ಮೂರನೆಯ ಸ್ಥಾನದಲ್ಲಿದ್ದ ತಂಡ ಹೇಗೋ ಗ್ರೇ ಕಪ್ ಫೈನಲ್ ತಲುಪಿತು. ನವೆಂಬರ್ 26ರಂದು ಟೊರಾಂಟೋದ ಸ್ಕೈಡೋಮ್‌ನಲ್ಲಿ ಎದುರಾಳಿ ಹ್ಯಾಮಿಲ್ಟನ್. ಸ್ಕೋರು 40-40. ಉಳಿದದ್ದು ಕೆಲವೇ ಸೆಕೆಂಡು, ದೂರ 35 ಗಜ. ಒಂದು ಮುಷ್ಟಿಯ ಬಾಗಿಲು. ಕಿಕ್ಕರನ ತಲೆ ಕೆಡಿಸಲೆಂದು ಹ್ಯಾಮಿಲ್ಟನ್ ತಂಡ ವಿರಾಮ ಕೇಳಿತು. ಆಮೇಲೆ ಬಾಬ್ ಪೋಲಿ ಚೆಂಡನ್ನು ಹಿಂದಕ್ಕೆ ಕೊಟ್ಟರು, ಗ್ಲೆನ್ ಸ್ಯೂಟರ್ ಹಿಡಿದು ನಿಲ್ಲಿಸಿದರು, ರಿಜ್ವೇ ಒದ್ದರು. 43-40. ಆಗ ಉಳಿದಿದ್ದದ್ದು ಎರಡು ಸೆಕೆಂಡು. 1966ರ ನಂತರ ಮೊದಲ ಸಲ ಕಪ್ ರಿಜೈನಾಕ್ಕೆ ಬಂತು. ಅಲ್ಲಿ ಇಂದಿಗೂ 'ಆ ಕಿಕ್' ಎಂದರೆ ಸಾಕು, ಯಾವುದು ಎಂದು ಯಾರೂ ಕೇಳುವುದಿಲ್ಲ. ಅವರ 36ನೇ ಅಂಗಿಯನ್ನು ತಂಡ ಬೇರೆ ಯಾರಿಗೂ ಕೊಡುವುದಿಲ್ಲ.

1995ರ ನಂತರ ರಿಜ್ವೇ ಆಟ ಬಿಟ್ಟರು. ಅವರ ಜಾಗದಲ್ಲಿ ಹತ್ತು ವರ್ಷ ಒದ್ದವರು ವ್ಯಾಂಕೂವರಿನ ಪಾಲ್ ಮೆಕ್ಯಾಲಂ. 2001ರ ಅಕ್ಟೋಬರಿನಲ್ಲಿ ಅವರು 62 ಗಜದಿಂದ ಹೊಡೆದು ರಿಜ್ವೇ ದಾಖಲೆ ಮುರಿದರು. ಹೀಗಿದ್ದವರು 2004ರ ನವೆಂಬರ್ 14ರಂದು ವ್ಯಾಂಕೂವರಿನ ಬಿ.ಸಿ. ಪ್ಲೇಸ್‌ನಲ್ಲಿ, ಸಮಬಲವಾಗಿ ಹೆಚ್ಚುವರಿ ಆಟಕ್ಕೆ ಹೋದ ಪಶ್ಚಿಮ ವಿಭಾಗದ ಫೈನಲ್‌ನಲ್ಲಿ, 18 ಗಜದಿಂದ ತಪ್ಪಿದರು. ಎರಡು ಮುಷ್ಟಿಯಗಲದ ಬಾಗಿಲು! ಎದುರು ತಂಡದ ಕಿಕ್ಕರ್ ಡಂಕನ್ ಓಮಹೋನಿ 40 ಗಜದಿಂದ ಹೊಡೆದರು. 27-25, ರಿಜೈನಾ ಹೊರಗೆ.

ಊರಿನಲ್ಲಿ ಆದದ್ದು ನಾಚಿಕೆಗೇಡು. ಮೆಕ್ಯಾಲಂ ಮನೆಗೆ ಮೊಟ್ಟೆ ಎಸೆದರು, ಮನೆಯವರಿಗೆ ಬೆದರಿಕೆ ಹಾಕಿದರು. ಒಬ್ಬ ಗೊಬ್ಬರ ತಂದು ಸುರಿದ. ಅದೂ ಪಕ್ಕದ ಮನೆಯವರ ಅಂಗಳಕ್ಕೆ. ಗುರಿ ತಪ್ಪಿದವನನ್ನು ಬೈಯಲು ಹೋದವನ ಗುರಿಯೂ ತಪ್ಪಿತು. ಇಂಥವರು ಕೆಲವರೇ ಇದ್ದರು. ಕಲ್ಲಂಗಡಿ ತೊಡುವ ಸಾವಿರಾರು ಜನಕ್ಕೆ ಅದರಿಂದ ತಲೆತಗ್ಗಿಸುವಂತಾಯಿತು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ರಿಜ್ವೇ ಗೆದ್ದದ್ದೂ ಮೆಕ್ಯಾಲಂ ಸೋತದ್ದೂ ಚಾವಣಿಯಡಿ. ಸ್ಕೈಡೋಮ್‌ನದು ಮುಚ್ಚಿ ತೆರೆಯುವ ಚಾವಣಿ. ಬಿ.ಸಿ. ಪ್ಲೇಸ್‌ಗೆ ಆಗ ಒಳಗಿನ ಗಾಳಿಯ ಒತ್ತಡದಿಂದಲೇ ಉಬ್ಬಿ ನಿಂತಿದ್ದ ಬಟ್ಟೆಯ ಚಾವಣಿಯಿತ್ತು. ಟೇಲರ್ ಫೀಲ್ಡ್‌ನ ಬಿರುಗಾಳಿಯಲ್ಲಿ ವರ್ಷಗಟ್ಟಲೆ ಪಳಗಿದ ಇಬ್ಬರನ್ನೂ ಜನ ನೆನಪಿಟ್ಟುಕೊಂಡದ್ದು ಗಾಳಿಯೇ ಇಲ್ಲದ ಕಡೆ ಒದ್ದ ಒಂದೊಂದು ಒದೆಯಿಂದ. ಅಲ್ಲಿ ಗಾಳಿಯನ್ನು ಹೊಗಳುವಂತೆಯೂ ಇರಲಿಲ್ಲ, ದೂರುವಂತೆಯೂ ಇರಲಿಲ್ಲ.

ಮೆಕ್ಯಾಲಂ ಓಡಿಹೋಗಲಿಲ್ಲ. 2005ರಲ್ಲೂ ರಿಜೈನಾಕ್ಕೇ ಆಡಿದರು. 2006ರಲ್ಲಿ ಹುಟ್ಟೂರಿನ ಬಿ.ಸಿ. ಲಯನ್ಸ್ ಸೇರಿ ಆ ವರ್ಷದ ಗ್ರೇ ಕಪ್ ಫೈನಲ್‌ನಲ್ಲಿ ಆರು ಫೀಲ್ಡ್ ಗೋಲ್ ಹೊಡೆದರು. ಅದೂ ಚಾವಣಿಯಿಲ್ಲದ ವಿನ್ನಿಪೆಗ್‌ನಲ್ಲಿ, ನವೆಂಬರ್ ಚಳಿಯಲ್ಲಿ. 2011ರಲ್ಲಿ, ನಲವತ್ತೊಂದರ ವಯಸ್ಸಿನಲ್ಲಿ, ಸತತ 30 ಫೀಲ್ಡ್ ಗೋಲ್ ಹೊಡೆದು ಆಗಿನ ದಾಖಲೆ ಮಾಡಿದರು. ಅದೇ ವರ್ಷ ಇನ್ನೊಂದು ಗ್ರೇ ಕಪ್ ಬಂತು. ಕೆನಡಾ ಫುಟ್‌ಬಾಲಿನ ಗೌರವ ಭವನಕ್ಕೆ ರಿಜ್ವೇ 2003ರಲ್ಲಿ ಸೇರಿದ್ದರು, ಮೆಕ್ಯಾಲಂ 2022ರಲ್ಲಿ ಸೇರಿದರು.

ಕೆನಡಾದ ಆಟದಲ್ಲಿ ಗೋಲುಕಂಬಗಳು ಮೊದಲಿನಿಂದ ಗೋಲುಗೆರೆಯ ಮೇಲೆಯೇ ನಿಂತಿವೆ. 2027ರಿಂದ ಅವನ್ನು 15 ಗಜ ಹಿಂದಕ್ಕೆ ಸರಿಸುವುದಾಗಿ ಲೀಗ್ 2025ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದೆ. ಚೆಂಡು ಗೋಲುಗೆರೆಗೇ ತಾಗಿದ್ದರೂ, ಹಿಂದಕ್ಕೆ ಕೊಡುವ ಏಳು ಗಜ ಸೇರಿ, ಒದೆಯುವವನು ಕಂಬದಿಂದ 22 ಗಜವಾದರೂ ದೂರ ನಿಲ್ಲಬೇಕಾಗುತ್ತದೆ. 18 ಗಜದ ಫೀಲ್ಡ್ ಗೋಲ್ ಎಂಬುದು ಆ ಮೇಲೆ ಯಾರಿಗೂ ಇರುವುದಿಲ್ಲ, ಹೊಡೆಯಲೂ ತಪ್ಪಲೂ.