ಮಾತ್ರೆಯ ಮುಹೂರ್ತ

ಅಡಿಕೆ ಸುಲಿಯುವ ರಾತ್ರಿ ಹಂಡೆಯೊಲೆಯ ಮುಂದೆ ಕೂತಾಗ ನಮ್ಮ ಸೋದರಮಾವನ ಸುದ್ದಿ ಬರದೆ ಇರುವುದಿಲ್ಲ. ಸಾಗರದ ಕಡೆಯ ಹಳೇ ಮನೆ ಅವರದು. ಕೋಣೆ ಕೋಣೆಗೂ ಎತ್ತರದ ಹೊಸಿಲು. ಮಾವನಿಗೆ ಪಾರ್ಕಿನ್ಸನ್. ನಡುಗುವ ಕೈ ಎಲ್ಲರ ಕಣ್ಣಿಗೂ ಬೀಳುತ್ತಿತ್ತು, ಆದರೆ ಅವರನ್ನು ನಿಜಕ್ಕೂ ಗೋಳು ಹೊಯ್ದುಕೊಂಡದ್ದು ಕಾಲು. ಜಗಲಿಯಲ್ಲಿ ಸರಾಗ ನಡೆದು ಬಂದವರು ಬಾಗಿಲ ಹತ್ತಿರ ಬಂದೊಡನೆ ನಿಂತುಬಿಡುತ್ತಿದ್ದರು. ಪಾದ ನೆಲಕ್ಕೆ ಅಂಟಿದ ಹಾಗೆ. ಈ ಕಾಯಿಲೆಯಲ್ಲಿ ಬಾಗಿಲು, ತಿರುವು, ಇಕ್ಕಟ್ಟು ಜಾಗಗಳಲ್ಲೇ ಕಾಲು ಹೀಗೆ ಕೈಕೊಡುವುದು ಹೆಚ್ಚು.

ಮಗನಿಗೆ ಗಾಬರಿ. ಓಡಿ ಬಂದು ರಟ್ಟೆ ಹಿಡಿದು ಎಳೆಯುತ್ತಿದ್ದ. ದೇಹ ಮುಂದಕ್ಕೆ, ಕಾಲು ಇದ್ದಲ್ಲೇ. ಎರಡು ಸಲ ಬಿದ್ದೂ ಆಯಿತು. ಆಮೇಲೆ ಗಾಲಿಕುರ್ಚಿ ಬಂತು, ನೋಡಿಕೊಳ್ಳಲು ಒಬ್ಬ ಹುಡುಗ ಬಂದ. ಅಂಗಿಯ ಗುಂಡಿ ಹಾಕುವುದರಿಂದ ಹಿಡಿದು ಅನ್ನ ಕಲಸುವವರೆಗೆ ಎಲ್ಲವೂ ಅವನದೇ. ಮಾವ ಮಾತು ಕಡಿಮೆ ಮಾಡಿದರು. ಅದನ್ನೂ ಕಾಯಿಲೆಯ ಲೆಕ್ಕಕ್ಕೇ ಬರೆದೆವು.

ಆ ವರ್ಷದ ದೀಪಾವಳಿ. ಗೋಪೂಜೆಗೆ ಕೊಟ್ಟಿಗೆಗೆ ಕುರ್ಚಿಯಲ್ಲೇ ತಳ್ಳಿಕೊಂಡು ಹೋಗೋಣ ಎಂದು ಮಗ ಹೇಳಿದ.

"ಅಪ್ಪಯ್ಯ, ನೀವು ಕೂತಿರಿ. ಎಲ್ಲ ನಾವೇ ಮಾಡ್ತೇವೆ."

"ಕಾಲು ನಿಂತಿದೆ ಮಾರಾಯ, ಹೋಗಿಲ್ಲ. ದನದ ಮುಂದೆ ನಾನು ಕುರ್ಚಿಯಲ್ಲಿ ಕೂರೂದಿಲ್ಲ" ಅಂದರು ಮಾವ.

ಶಿವಮೊಗ್ಗದಲ್ಲಿ ವ್ಯಾಯಾಮ ಕಲಿಸುವವರು ಹಿಂದೆಯೇ ಒಂದು ಉಪಾಯ ಹೇಳಿದ್ದರು: ನಡೆಯುವ ದಾರಿಗೆ ಅಡ್ಡಲಾಗಿ, ಹೆಜ್ಜೆಗೊಂದರಂತೆ ಪಟ್ಟಿ ಅಂಟಿಸಿ. ತಾನಾಗಿ ನಡೆಯುವುದನ್ನು ಮಿದುಳು ಮರೆತರೂ, ಕಣ್ಣಿಗೆ ಕಾಣುವ ಗೆರೆಯನ್ನು ದಾಟುವ ಕೆಲಸ ಕೊಟ್ಟರೆ ಎಷ್ಟೋ ಜನರಿಗೆ ಕಾಲು ಏಳುತ್ತದಂತೆ. ಮಲೆನಾಡಿನ ಥಂಡಿಗೆ ಆ ಪಟ್ಟಿ ನಿಲ್ಲಲಿಲ್ಲ, ಕಿತ್ತು ಬಂತು. ನಾವೂ ಅಲ್ಲಿಗೇ ಬಿಟ್ಟೆವು. ಹಬ್ಬದ ಹಿಂದಿನ ಸಂಜೆ ಸೊಸೆ ಗೋಡೆಗೆ ಕೆಮ್ಮಣ್ಣು ಸಾರಿಸಿ ಜೇಡಿಯಲ್ಲಿ ಚಿತ್ತಾರ ಬರೆಯುತ್ತಿದ್ದಳು. ಉಳಿದ ಜೇಡಿಯಲ್ಲಿ ಮಾವನ ಕೋಣೆಯಿಂದ ಹಿತ್ತಿಲ ಬಾಗಿಲವರೆಗೆ, ಕೆಂಪು ಗಾರೆ ನೆಲದ ಮೇಲೆ ಅಡ್ಡಗೆರೆ ಎಳೆದುಬಿಟ್ಟಳು. ಹೊಸಿಲ ಮುಂದೆ ಒಂದು ಗೆರೆ ದಪ್ಪಗೆ.

ಇನ್ನು ಪೂಜೆಯ ಹೊತ್ತು. ಅವರ ಮಾತ್ರೆ ಲೆವೊಡೋಪಾ. ಅತ್ತೆ ಅದನ್ನು ಬಿಸಿ ಹಾಲಿನಲ್ಲಿ ಕೊಡುತ್ತಿದ್ದರು. ಹಾಲಿನ ಪ್ರೋಟೀನಿನಿಂದ ಮಾತ್ರೆಯ ಕಸುವು ತಗ್ಗಬಹುದು, ಊಟಕ್ಕೆ ಅರ್ಧ ಗಂಟೆ ಮೊದಲು ನೀರಿನಲ್ಲಿ ನುಂಗಿ ಎಂದು ಡಾಕ್ಟರು ಹೇಳಿದ ಮೇಲೆ ಮಾವ ಅಲಾರಂ ಗಡಿಯಾರವನ್ನು ತಮ್ಮ ತಲೆದಿಂಬಿನ ಪಕ್ಕಕ್ಕೇ ತರಿಸಿಕೊಂಡರು. ಯಾವ ಮಾತ್ರೆ ಎಷ್ಟು ಹೊತ್ತು ನಡೆಸುತ್ತದೆ ಎಂಬುದು ಮನೆಯಲ್ಲಿ ಅವರೊಬ್ಬರಿಗೇ ಗೊತ್ತಿತ್ತು. "ಪೂಜೆ ಹತ್ತೂವರೆಗೆ. ಪಂಚಾಂಗ ನೋಡೂದು ಬೇಡ, ಇದು ಮಾತ್ರೆಯ ಮುಹೂರ್ತ" ಅಂದರು. ಆ ನಗು ಕಂಡು ಬಹಳ ದಿನವಾಗಿತ್ತು.

ಬೆಳಿಗ್ಗೆ ಎದ್ದರು, ಗೆರೆ ನೋಡಿದರು, ದಾಟಿದರು. ಮತ್ತೊಂದು, ಮತ್ತೊಂದು. ಹೊಸಿಲ ಮುಂದೆ ನಿಂತರು. ಮಗನ ಕೈ ತಾನಾಗಿ ಮುಂದೆ ಹೋಯಿತು. ಅತ್ತೆ ಗದರಿದರು, "ಕೈ ಹಾಕಬೇಡ!" ಮಾವ ಬಾಯಲ್ಲೇ ಒಂದು, ಎರಡು ಎಂದು ಎಣಿಸಿ ಕಾಲೆತ್ತಿ ಆಚೆಗಿಟ್ಟರು.

ಕೊಟ್ಟಿಗೆಯಲ್ಲಿ ಹಿಂಗಾರದ ಮಾಲೆಯನ್ನು ಹಸುವಿನ ಕೊರಳಿಗೆ ಕಟ್ಟಲು ಹಿಡಿದ ಹೊತ್ತು ಹೇಳತೀರದು. ಗಂಟು ಬೀಳುವಷ್ಟರಲ್ಲಿ ಮಕ್ಕಳು ಪಟಾಕಿಗೆ ಓಡಿಹೋಗಿದ್ದರು. ಪಾಯಸವೂ ಆರಿತ್ತು. ಆದರೆ ಗಂಟು ಅವರದೇ.

ಕಾಯಿಲೆ ಏನೂ ಹಿಂದಕ್ಕೆ ಸರಿಯಲಿಲ್ಲ. ಕೊನೆಯ ಎರಡು ವರ್ಷ ಹಾಸಿಗೆಯಲ್ಲೇ ಇದ್ದರು. ಆಗಲೂ ಸ್ನಾನ ಯಾವಾಗ, ಕಿಟಕಿ ತೆಗೆಯಬೇಕೋ ಮುಚ್ಚಬೇಕೋ, ಬಂದವರನ್ನು ಒಳಗೆ ಬಿಡಬೇಕೋ ಬೇಡವೋ, ಎಲ್ಲದಕ್ಕೂ ಮೊದಲು ಅವರನ್ನೇ ಕೇಳುತ್ತಿದ್ದೆವು. ಸಹಾಯಕ್ಕಿದ್ದ ಹುಡುಗನೂ ಅಷ್ಟರಲ್ಲಿ ಪಳಗಿದ್ದ, ಅಂಗಿ ತೊಡಿಸಿ ಮೇಲಿನ ಗುಂಡಿಯೊಂದನ್ನು ಅವರಿಗೇ ಬಿಡುತ್ತಿದ್ದ.

ನಿಮ್ಮ ಮನೆಯಲ್ಲೂ ಹೀಗೆ ಕಾಲು ಅಂಟುವ ಹಿರಿಯರಿದ್ದರೆ ದಯವಿಟ್ಟು ಎಳೆಯಬೇಡಿ. ಬಿದ್ದರೆ ಹಿಡಿಯುವಷ್ಟು ಹತ್ತಿರ ನಿಂತು, ಅವರ ಜೊತೆ ಒಂದು, ಎರಡು ಎಣಿಸಿ.