ಸ್ವರ್ಗದ ದಾರಿಯಲ್ಲಿ ಒಂದು ಆದಿತ್ಯವಾರ

ತಪಸ್ಸುಕಾಲದ ಒಂದು ಆದಿತ್ಯವಾರ ಬಲಿಪೂಜೆ ಮುಗಿಸಿ ನಾವು ಹತ್ತು ಮಂದಿ ಎರಡು ಜೀಪುಗಳಲ್ಲಿ ಹೊರಟೆವು. ದಾರಿಯಲ್ಲಿ ಬೇಳದ ಶೋಕಮಾತೆಯ ಇಗರ್ಜಿಯಲ್ಲಿ ಇಳಿದು ಒಂದು ಜಪಸರ ಪ್ರಾರ್ಥನೆ ಮಾಡಿದೆವು. 1890ರ ಈ ಇಗರ್ಜಿ ಕಾಸರಗೋಡು ಸೀಮೆಯ ಕಥೋಲಿಕರಿಗೆಲ್ಲ ಪರಿಚಿತ. ನಾವು ಹೋಗಬೇಕಾಗಿದ್ದ ಊರಿನ ಹೆಸರು ಕೇಳಿದರೆ ಮಾತ್ರ ಯಾರೂ ಒಮ್ಮೆ ನಗಬಹುದು. ಅದರ ಹೆಸರು ಸ್ವರ್ಗ! ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮಕ್ಕೆ ಸೇರಿದ ಈ ಊರಿಗೆ ಬದಿಯಡ್ಕ, ಪೆರ್ಲ ದಾಟಿ ಹೋಗಬೇಕು.

ಪೆರ್ಲದಿಂದ ಮುಂದಕ್ಕೆ ದಾರಿ ಏರುತ್ತಾ ಇಳಿಯುತ್ತಾ ಸಾಗುತ್ತದೆ. ಕೆಳಗೆ ಅಡಿಕೆ ತೋಟ, ಮೇಲೆ ಗುಡ್ಡದ ತುಂಬ ಗೇರು ಮರ. ಗೇರುಹಣ್ಣಿನ ಕಾಲವಾದ್ದರಿಂದ ಗಾಳಿಯಲ್ಲೆಲ್ಲ ಅದೇ ವಾಸನೆ. ಇಲ್ಲಿಯವರು ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ ಸುರಂಗ ಕೊರೆದು, ಒಳಗಿನಿಂದ ಹರಿದು ಬರುವ ನೀರನ್ನೇ ಕುಡಿಯುತ್ತಾರೆ, ತೋಟಕ್ಕೂ ಬಿಡುತ್ತಾರೆ. ಗುಡ್ಡದ ಮೇಲೆ ಬಿದ್ದದ್ದು ಮಳೆಯೊಂದಿಗೆ ಇಳಿದು ಮನೆಯ ಕೊಡಕ್ಕೆ ಬರುತ್ತದೆ. ಈ ಊರಿನ ಕಷ್ಟ ಅರ್ಥವಾಗಬೇಕಾದರೆ ಇಷ್ಟು ತಿಳಿದಿರಬೇಕು.

1970ರ ದಶಕದ ಕೊನೆಯಿಂದ 2000ನೇ ಇಸವಿಯವರೆಗೆ ಸರಕಾರಿ ಸ್ವಾಮ್ಯದ ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಗೇರು ಚಿಗುರು ಹೀರುವ ಟೀ ಸೊಳ್ಳೆಯನ್ನು ಕೊಲ್ಲುವುದಕ್ಕಾಗಿ ಅದು. ಗುಡ್ಡದ ಕೆಳಗಿನ ಮನೆ, ತೋಡು, ಸುರಂಗ ಯಾವುದೂ ಆ ಹನಿಗಳಿಂದ ತಪ್ಪಲಿಲ್ಲ. ಕೈಕಾಲು ಬಲವಿಲ್ಲದ, ಮಾತು ಬಾರದ, ತಲೆ ದೊಡ್ಡದಾಗಿರುವ ಮಕ್ಕಳು ಒಂದೇ ಊರಿನಲ್ಲಿ ಇಷ್ಟು ಮಂದಿ ಏಕೆ ಎಂದು ವಾಣೀನಗರದ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ಪ್ರಶ್ನಿಸಿದರು. ಪತ್ರಕರ್ತ ಶ್ರೀ ಪಡ್ರೆಯವರು ಅದನ್ನು ಬರೆದು ಹೊರಗಿನವರಿಗೆ ತಿಳಿಸಿದರು. ಪೆರಿಯದ ಲೀಲಾಕುಮಾರಿ ಅಮ್ಮ ಕೃಷಿ ಇಲಾಖೆಯ ನೌಕರಿಯಲ್ಲಿದ್ದೇ ಕೋರ್ಟಿಗೆ ಹೋಗಿ 1998ರಲ್ಲಿ ಸಿಂಪಡಣೆಗೆ ತಡೆಯಾಜ್ಞೆ ತಂದರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ಅನ್ವಯಿಸುವಂತೆ ಇದನ್ನು ನಿಷೇಧಿಸಿತು.

ನಾವು ಹೋದ ಒಂದು ಮನೆಯ ಜಗಲಿಯಲ್ಲಿ ಮೂವತ್ತು ದಾಟಿದ ಮಗ ಚಾಪೆಯ ಮೇಲೆ ಮಲಗಿದ್ದ. ತಾಯಿಗೆ ಅರುವತ್ತರ ಮೇಲಾಗಿದೆ. ನಮ್ಮನ್ನು ಕಂಡು ಅವರು ಮೊದಲು ಕೇಳಿದ್ದು, “ನೀವು ಫೋಟೋ ತೆಗೆಯಲಿಕ್ಕೆ ಬಂದದ್ದಾ?” ಅಲ್ಲವೆಂದೆವು. ನಮ್ಮೊಂದಿಗಿದ್ದ ವಾಳೆಯ ಗುರಿಕಾರರ ಹೆಂಡತಿ ಚಾಪೆಯ ಬದಿಯಲ್ಲಿ ಕುಳಿತು ಆ ಹುಡುಗನ ಕೈ ಹಿಡಿದುಕೊಂಡರು. ಆಗ ತಾಯಿ ಮಾತಿಗೆ ತೊಡಗಿದರು. “ಹಣ ಬಂದಿದೆ, ಇಲ್ಲವೆನ್ನುವುದಿಲ್ಲ. ಆದರೆ ನಾನು ಒಂದು ಮದುವೆಗೆ ಹೋಗದೆ ಎಷ್ಟು ವರ್ಷವಾಯಿತು ಅಕ್ಕಾ! ನಾನು ಸತ್ತರೆ ಇವನ ಬಾಯಿಗೆ ಅನ್ನ ಇಡುವವರು ಯಾರು?” ನಮ್ಮಲ್ಲಿ ಉತ್ತರವಿರಲಿಲ್ಲ.

ಹಣವಾದರೂ ಸುಲಭವಾಗಿ ಬಂದದ್ದಲ್ಲ. ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಆಜ್ಞೆ ಮಾಡಿತ್ತು. ಐದು ವರ್ಷ ಕಳೆದು 2022ರ ಮೇಯಲ್ಲಿ ನೋಡಿದರೆ 3,704 ಮಂದಿಯಲ್ಲಿ ಹಣ ಸಿಕ್ಕಿದ್ದು ಕೇವಲ 8 ಮಂದಿಗೆ! ನ್ಯಾಯಾಲಯ ಗದರಿಸಿದ ಮೇಲೆಯೇ ಕೆಲಸ ಚುರುಕಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಎಂಬತ್ತು ದಾಟಿದ ದಯಾಬಾಯಿಯವರು ತಿರುವನಂತಪುರದ ಸೆಕ್ರೆಟೇರಿಯಟ್ ಎದುರು ಇವರಿಗಾಗಿ ಉಪವಾಸ ಕುಳಿತರು. ಪಾಲಾದ ಕಥೋಲಿಕ ಕುಟುಂಬದಲ್ಲಿ ಹುಟ್ಟಿ ಬಡವರ ನಡುವೆ ಬಾಳಿದ ಆ ತಾಯಿಯ ಉಪವಾಸದ ಮುಂದೆ, ಮೀನು ಮಾಂಸ ಬಿಟ್ಟ ನಮ್ಮ ತಪಸ್ಸು ಎಷ್ಟರದ್ದು?

ಈ ರೋಗಗಳಿಗೆಲ್ಲ ಎಂಡೋಸಲ್ಫಾನೇ ಕಾರಣವೋ ಎಂಬ ವಾದ ವಿಜ್ಞಾನಿಗಳ ನಡುವೆ ವರ್ಷಗಟ್ಟಲೆ ನಡೆದಿದೆ. ಅದನ್ನು ತಿಳಿದವರು ವಿಚಾರಿಸಲಿ, ತಪ್ಪಿತಸ್ಥರು ಉತ್ತರ ಕೊಡಲಿ. ನ್ಯಾಯ ಕೇಳುವುದು ಕ್ರೈಸ್ತರಾದ ನಮ್ಮ ಕರ್ತವ್ಯವೂ ಹೌದು. ಆದರೆ ಸಂತ ಲೂಕರ ಶುಭಸಂದೇಶದ ಸಮಾರಿಯದವನು, ಹೊಡೆದವರು ಯಾರೆಂದು ಗೊತ್ತಾಗಲಿ ಎಂದು ಕಾಯುತ್ತಾ ನಿಲ್ಲಲಿಲ್ಲ. ಗಾಯ ಕಂಡ ಕೂಡಲೇ ಕೆಳಗಿಳಿದ. ನಾವೋ, ಇದೇ ಪೆರ್ಲದ ದಾರಿಯಲ್ಲಿ ಎಷ್ಟೋ ಸಲ ಮದುವೆಗೆ, ಹಬ್ಬಕ್ಕೆ ಹೋಗಿದ್ದೇವೆ. ಒಮ್ಮೆಯೂ ಈ ಕಡೆ ತಿರುಗಿರಲಿಲ್ಲ. ಗೇರುಬೀಜ ಮಾರಿ ಮಕ್ಕಳ ಫೀಸು ಕಟ್ಟಿದ ಮನೆಗಳು ನಮ್ಮಲ್ಲೂ ಇವೆ. 2025ರಲ್ಲಿ ದೈವಾಧೀನರಾದ ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೊ ಸೀ’ ವಿಶ್ವಪತ್ರದಲ್ಲಿ ಕೀಟನಾಶಕಗಳ ಹಾನಿಯನ್ನೂ ಹೆಸರಿಸಿ, ಮಣ್ಣು ನೀರು ಕೆಟ್ಟಾಗ ಹೆಚ್ಚು ನೋಯುವವರು ಬಡವರೇ ಎಂದು ಎಚ್ಚರಿಸಿದ್ದರು. ಅದನ್ನು ಓದಿದಾಗ ದೂರದ ಮಾತೆನಿಸಿತ್ತು. ಸ್ವರ್ಗದ ಜಗಲಿಯಲ್ಲಿ ಕುಳಿತಾಗ ಹಾಗೆನಿಸಲಿಲ್ಲ.

ಹಿಂದಿರುಗುವಾಗ ಜೀಪಿನಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಬದಿಯಡ್ಕದಲ್ಲಿ ಚಹಾ ಕುಡಿಯುವಾಗ ಗುರಿಕಾರರ ಹೆಂಡತಿಯೇ ಹೇಳಿದರು: “ತಿಂಗಳಿಗೆ ಒಂದು ದಿನ ನಾವು ಇಬ್ಬರು ಹೋಗಿ ಆ ಹುಡುಗನ ಹತ್ತಿರ ಕುಳಿತರೆ, ಆ ಅಮ್ಮ ಪೇಟೆಗೋ ನೆಂಟರಲ್ಲಿಗೋ ಹೋಗಿ ಬರಬಹುದಲ್ಲ?” ಅಲ್ಲಿಯೇ ಕಾಗದದಲ್ಲಿ ಹೆಸರು ಬರೆದೆವು. ಆರು ತಿಂಗಳಿಗೆ ಹನ್ನೆರಡು ಹೆಸರು ಬೇಕಿತ್ತು, ಹತ್ತು ಆಗಿವೆ. ಪ್ರಿಯ ಓದುಗರೇ, ಇನ್ನೂ ಎರಡು ಜಾಗ ಖಾಲಿ ಇವೆ.